ಆಸೆ ಹುಟ್ಟಿಸುವವರ ಸಾಲ

ಬೇರೊಬ್ಬರ ಮನಸ್ಸಿನಲ್ಲಿ ಆಸೆ ಹುಟ್ಟಿಸುವುದು ಒಳ್ಳೆಯ ಕೆಲಸವೇ? ಪ್ರಶ್ನೆ ವಿಚಿತ್ರ ಎನ್ನಿಸಬಹುದು. ಆಸೆಯೇ ದುಃಖಕ್ಕೆ ಮೂಲ ಎಂದು ಹೇಳುತ್ತ ಬಂದ ನಾಡು ನಮ್ಮದು. ಅದೇ ನಾಡಿನಲ್ಲಿ ಮಕ್ಕಳಿಗೆ ‘ದೊಡ್ಡ ಕನಸು ಕಾಣಿ’ ಎಂದು ಯಾರೂ ಹೇಳದೆ ಒಂದು ಶಾಲಾ ವಾರ್ಷಿಕೋತ್ಸವವೂ ಮುಗಿಯುವುದಿಲ್ಲ. ಎರಡು ಮಾತನ್ನೂ ನಾವು ನಂಬುತ್ತೇವೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಮಾತ್ರ ಕಡಿಮೆ.

ನನಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಜಿನಿಯರ್. ಊರು ತುಮಕೂರು ಕಡೆ. ನಮ್ಮ ಕಂಪನಿ ವರ್ಷಕ್ಕೆ ಕೆಲವು ದಿನ ಸ್ವಯಂಸೇವೆಗೆಂದು ಬಿಡುವು ಕೊಡುತ್ತದೆ. ಆ ದಿನಗಳಲ್ಲಿ ನಾವು ನಾಲ್ಕೈದು ಮಂದಿ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ಸರ್ಕಾರಿ ಪ್ರೌಢಶಾಲೆಗಳಿಗೆ ಹೋಗಿ ಬರುತ್ತೇವೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ವಿಜ್ಞಾನ ಓದಿ, ಇಂಜಿನಿಯರ್ ಆಗಿ ಎಂದು ಹುರಿದುಂಬಿಸುವುದು ನಮಗೆ ಒಪ್ಪಿಸಿದ ಕೆಲಸ. ಒಂದಿಷ್ಟು ಪ್ರಯೋಗ, ಒಂದಿಷ್ಟು ಚಿತ್ರ, ಒಂದಿಷ್ಟು ನಮ್ಮ ಕಥೆ.

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣಕ್ಕೆ ಲೆಕ್ಕವಿದೆ. ನಮ್ಮಂಥವರ ಭೇಟಿಗಳಿಗೂ ಕಂಪನಿಯೊಳಗೆ ಲೆಕ್ಕವಿದೆ: ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಗಂಟೆ. ಅಲ್ಲಿ ಹುಟ್ಟಿಸಿ ಬಂದ ಆಸೆಗೆ ಮಾತ್ರ ಲೆಕ್ಕದ ಪುಸ್ತಕವಿಲ್ಲ. ಆ ಆಸೆ ಆಮೇಲೆ ಏನಾಯಿತು, ಅದನ್ನು ಯಾರು ಸಾಕಿದರು, ಅದು ಸತ್ತಿದ್ದರೆ ಯಾರ ಎದೆಯೊಳಗೆ ಸತ್ತಿತು ಎಂಬ ಕಾಲಂ ಯಾವ ವರದಿಯಲ್ಲೂ ಇರುವುದಿಲ್ಲ.

ನಾವು ಹೋಗುವ ಜಾಗ ಎಂಥದು ಎಂಬುದನ್ನು ಮೊದಲು ಹೇಳಬೇಕು. ಯಾದಗಿರಿ 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. ಆಗ ಇದ್ದದ್ದು ಮೂರೇ ತಾಲೂಕು: ಯಾದಗಿರಿ, ಶಹಾಪುರ, ಸುರಪುರ. ಈ ಮೂರನ್ನೂ 2002ರ ನಂಜುಂಡಪ್ಪ ಸಮಿತಿ ‘ಅತ್ಯಂತ ಹಿಂದುಳಿದ ತಾಲೂಕುಗಳು’ ಎಂದು ಗುರುತಿಸಿತ್ತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ. 94 ಪಡೆದು ಮೊದಲು ನಿಂತಾಗ ಯಾದಗಿರಿ ಶೇ. 50.59 ಪಡೆದು ಕೊನೆಗೆ ನಿಂತಿತ್ತು. ಸೋಲಾಪುರದಿಂದ ರಾಯಚೂರಿನ ಕಡೆಗೆ ರೈಲುಹಳಿ ಈ ಊರಿನ ಮೂಲಕ ಹಾದುಹೋದದ್ದು 1871ರ ಹೊತ್ತಿಗೆ. ಅಂದರೆ ಒಂದೂವರೆ ನೂರು ವರ್ಷದಿಂದ ಮುಂಬೈ, ಚೆನ್ನೈಗಳು ಯಾದಗಿರಿಯ ಕಣ್ಣೆದುರೇ ಓಡಾಡುತ್ತಿವೆ. ಹಾದುಹೋಗುವವರನ್ನು ಈ ಊರು ಬಹಳ ನೋಡಿದೆ. ರಾತ್ರಿ ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಲ್ಲಿ ಇಳಿಯುವ ನಾವೂ ಒಂದು ಲೆಕ್ಕದಲ್ಲಿ ಅಂಥವರೇ.

ಯಾದಗಿರಿ ತಾಲೂಕಿನ ಒಂದು ಶಾಲೆಯಲ್ಲಿ ನಮ್ಮ ತಂಡದವರೊಬ್ಬರು ಬೆಂಗಳೂರಿನ ಕಚೇರಿ ಕಟ್ಟಡವೊಂದರ ಚಿತ್ರ ತೋರಿಸಿ, ‘ಇದರೊಳಗೆ ಯಾರು ಯಾರು ಹೋಗಬೇಕು ಅಂತೀರಿ?’ ಎಂದು ಕೇಳಿದರು. ಕೈಗಳು ಎದ್ದವು. ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತದೆ ಎದ್ದು ನಿಂತ. ‘ಸರ್, ನಾವು ಎರಡು ವರ್ಷ ಬೆಂಗಳೂರಾಗ ಇದ್ದೀವ್ರಿ. ಇಂಥಾ ಬಿಲ್ಡಿಂಗಿನ ಹನ್ನೊಂದನೇ ಫ್ಲೋರ್ ತನಕ ಹತ್ತೀನ್ರಿ. ಆಗ ಲಿಫ್ಟ್ ಇರಲಿಲ್ರಿ.’ ಅವನ ಅಪ್ಪ ಅವ್ವ ಅಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದರು. ತಗಡಿನ ಶೆಡ್ಡಿನಲ್ಲಿ ಇದ್ದು, ಕಟ್ಟಡ ಮುಗಿದ ಮೇಲೆ ಊರಿಗೆ ಬಂದಿದ್ದರು. ಅವನ ದನಿಯಲ್ಲಿ ದೂರಿರಲಿಲ್ಲ, ತಾನೂ ನೋಡಿದ್ದೇನೆ ಎಂಬ ಸಂತೋಷವಿತ್ತು.

ಮಳೆ ಕೈಕೊಟ್ಟಾಗ, ಹತ್ತಿ ತೊಗರಿಯ ಕೆಲಸ ಮುಗಿದಾಗ ಈ ಜಿಲ್ಲೆಯ ಸಂಸಾರಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಹುಡುಗನ ಮಾತು ನಮ್ಮ ಪ್ರಶ್ನೆಯ ಅಡಿಪಾಯವನ್ನೇ ಅಲುಗಾಡಿಸುತ್ತದೆ. ‘ಇದರೊಳಗೆ ಹೋಗಬೇಕೇ’ ಎಂದು ಕೇಳುವಾಗ ಅವರು ಹೊರಗಿನವರು, ನಾವು ಬಾಗಿಲು ತೆರೆಯುವವರು ಎಂದು ನಾವೇ ಭಾವಿಸಿಕೊಂಡಿರುತ್ತೇವೆ. ಕಟ್ಟಿದವರ ಮಗನಿಗೆ ಕಟ್ಟಡದ ಪರಿಚಯ ಮಾಡಿಕೊಡಲು ಹೊರಟಿರುತ್ತೇವೆ. ಅವನಿಗೆ ಕಟ್ಟಡ ಗೊತ್ತು. ತಗಡಿನ ಶೆಡ್ಡಿಗೂ ಹನ್ನೊಂದನೇ ಮಹಡಿಯ ಕುರ್ಚಿಗೂ ನಡುವೆ ಯಾವ ಮೆಟ್ಟಿಲುಗಳಿವೆ, ಯಾವ ಮೆಟ್ಟಿಲಿಗೆ ಎಷ್ಟು ಬೆಲೆ ಎಂಬುದಷ್ಟೇ ಗೊತ್ತಿಲ್ಲ. ನಮ್ಮ ಭಾಷಣದಲ್ಲಿ ಇಲ್ಲದೆ ಹೋಗುವುದೂ ಅದೇ.

ಹುರಿದುಂಬಿಸುವ ಭಾಷಣಗಳಿಗೆ ಒಂದು ಕಾಯಂ ಹಂದರವಿದೆ. ನಾನೂ ನಿಮ್ಮಂತೆಯೇ ಇದ್ದೆ, ಕಷ್ಟಪಟ್ಟೆ, ಇಂದು ಇಲ್ಲಿದ್ದೇನೆ, ನೀವೂ ಬರಬಹುದು. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇದು ಅರ್ಧ ನಿಜ. ದಡ ಮುಟ್ಟಿದವರನ್ನಷ್ಟೇ ಕೇಳಿದರೆ ಹೊಳೆ ಅಷ್ಟೇನೂ ಆಳವಿಲ್ಲ ಅನ್ನುತ್ತಾರೆ. ನನ್ನ ಜೊತೆಗೇ ಹೊರಟು, ನನ್ನಷ್ಟೇ ಓದಿ, ನಡುವೆ ಅಪ್ಪ ತೀರಿಕೊಂಡದ್ದರಿಂದಲೋ, ಒಂದು ವರ್ಷದ ಫೀಸು ಹೊಂದದ್ದರಿಂದಲೋ ನಿಂತುಹೋದ ಗೆಳೆಯರನ್ನು ಯಾವ ಕಂಪನಿಯೂ ಮಕ್ಕಳೆದುರು ಮಾತಾಡಲು ಕಳಿಸುವುದಿಲ್ಲ. ಅವರ ಕಥೆ ಇಲ್ಲದೆ ನನ್ನ ಕಥೆಯನ್ನಷ್ಟೇ ಕೇಳಿದ ಮಗು ಮುಂದೆ ಎಲ್ಲಾದರೂ ಎಡವಿದರೆ ಏನೆಂದುಕೊಳ್ಳುತ್ತದೆ? ‘ಅವರು ಕಷ್ಟಪಟ್ಟರು, ಬಂದರು. ನನಗೆ ಬರಲಾಗಲಿಲ್ಲ. ಹಾಗಾದರೆ ತಪ್ಪು ನನ್ನದೇ.’ ಬಡತನದ ಮೇಲೆ ನಾಚಿಕೆಯನ್ನೂ ಹೇರಿ ಬಂದ ಹಾಗಾಗುತ್ತದೆ. ಕೊಟ್ಟ ಸ್ಫೂರ್ತಿ ಹೀಗೆ ತಿರುಗಿ ಚುಚ್ಚಬಹುದು.

ಹಾಗಾದರೆ ಸುಮ್ಮನಿರುವುದೇ ವಾಸಿಯೇ? ಈಡೇರಿಸಲು ನಮ್ಮಿಂದ ಆಗದ ಆಸೆಯನ್ನು ಹುಟ್ಟಿಸುವುದೇ ತಪ್ಪು ಎಂದು ವಾದಿಸುವವರಿದ್ದಾರೆ. ಇದ್ದುದರಲ್ಲಿ ನೆಮ್ಮದಿಯಾಗಿರುವ ಮಕ್ಕಳ ನೆಮ್ಮದಿಯನ್ನು ಯಾಕೆ ಕದಡಬೇಕು ಎನ್ನುತ್ತಾರೆ. ಈ ವಾದಕ್ಕೆ ಕರುಣೆಯ ಮುಖವಿದೆ. ಆದರೆ ಎಟುಕದ ದ್ರಾಕ್ಷಿಯನ್ನು ಹುಳಿ ಎಂದುಕೊಂಡು ಹೋದ ನರಿಯ ಕಥೆ ನಮಗೆಲ್ಲ ಗೊತ್ತು. ನಾರ್ವೆಯ ಚಿಂತಕ ಯೊನ್ ಎಲ್‌ಸ್ಟರ್ 1983ರಲ್ಲಿ ಬಂದ ತಮ್ಮ ಪುಸ್ತಕಕ್ಕೆ ಆ ಹುಳಿ ದ್ರಾಕ್ಷಿಯದೇ ಹೆಸರಿಟ್ಟರು. ಸಿಗಲಾರದ್ದನ್ನು ಬೇಡವೆಂದುಕೊಳ್ಳುವ ಅಭ್ಯಾಸ ಮನುಷ್ಯನಿಗಿದೆ. ಆ ‘ಬೇಡ’ ನಿಜವಾದ ಆಯ್ಕೆಯೋ, ಎಟುಕದ್ದರಿಂದ ಹುಟ್ಟಿದ ಸಮಾಧಾನವೋ ಎಂಬುದು ಅವರು ಎತ್ತಿದ ಪ್ರಶ್ನೆ. ‘ನನಗೆ ಸೈನ್ಸ್ ಬ್ಯಾಡ್ರಿ’ ಎನ್ನುವ ಹುಡುಗಿಗೆ ಅದು ನಿಜಕ್ಕೂ ಬೇಡವೇ, ಅಥವಾ ತನ್ನೂರಿನ ಹತ್ತಿರ ಸೈನ್ಸ್ ಇರುವ ಪಿಯು ಕಾಲೇಜು ಇಲ್ಲ, ಇದ್ದಲ್ಲಿಗೆ ಸಂಜೆ ಬಸ್ಸಿಲ್ಲ ಎಂಬುದು ಅವಳೊಳಗೆ ‘ಬೇಡ’ವಾಗಿ ಮಾತಾಡುತ್ತಿದೆಯೇ? ಇದನ್ನು ಕೇಳದೆ ಅವಳ ನೆಮ್ಮದಿಯನ್ನು ನಾವು ಗೌರವಿಸುತ್ತಿದ್ದೇವೆ ಎನ್ನುವುದು ಸುಲಭದ ಮಾತು. ಸುಮ್ಮನಿರುವುದೂ ಒಂದು ತೀರ್ಮಾನವೇ. ಬೆಂಗಳೂರಿನ ನಮ್ಮ ಮಕ್ಕಳ ಬಗ್ಗೆ ನಾವು ಇಂಥ ಕರುಣೆ ತೋರುವುದಿಲ್ಲ, ಅವರ ನೆಮ್ಮದಿಯನ್ನು ಐದನೇ ತರಗತಿಯಿಂದಲೇ ಕೋಚಿಂಗಿಗೆ ಹಾಕಿ ಕದಡುತ್ತೇವೆ.

ಈ ಇಕ್ಕಟ್ಟಿನಲ್ಲಿ ನನಗೆ ಬೆಳಕು ಕೊಟ್ಟದ್ದು ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪದುರೈ ಅವರ 2004ರ ಒಂದು ಪ್ರಬಂಧ. ಆಸೆಪಡುವುದು ಬರೀ ಮನಸ್ಸಿನ ಭಾವವಲ್ಲ, ಅದೊಂದು ಸಾಮರ್ಥ್ಯ ಎನ್ನುತ್ತಾರೆ ಅವರು. ಈ ಸಾಮರ್ಥ್ಯ ಸಮಾಜದಲ್ಲಿ ಸಮನಾಗಿ ಹಂಚಿಹೋಗಿಲ್ಲ. ಬಡವರಿಗೆ ಆಸೆ ಕಡಿಮೆ ಎಂದು ಇದರ ಅರ್ಥವಲ್ಲ. ಉಳ್ಳವರ ಮಕ್ಕಳು ಚಿಕ್ಕಂದಿನಿಂದಲೇ ಸಣ್ಣ ಆಸೆ, ಅದರ ದಾರಿ, ಅದರ ಫಲ, ಎಡವಿದರೆ ಇನ್ನೊಂದು ದಾರಿ ಎಂದು ನೂರು ಸಲ ಅಭ್ಯಾಸ ಮಾಡಿರುತ್ತಾರೆ. ಅವರ ಬಳಿ ಒಂದು ನಕ್ಷೆ ಇರುತ್ತದೆ. ಬಡವರ ಮಕ್ಕಳಿಗೆ ದೂರದ ಊರಿನ ಹೆಸರು ಗೊತ್ತು, ನಡುವಿನ ನಿಲ್ದಾಣಗಳು ಗೊತ್ತಿರುವುದಿಲ್ಲ. ಇದನ್ನು ಓದಿದ ಮೇಲೆ ಹೊರಗಿನಿಂದ ಬರುವವನು ಪ್ರಾಮಾಣಿಕವಾಗಿ ಏನು ಕೊಡಬಹುದು ಎಂಬುದು ನನಗೆ ಸ್ಪಷ್ಟವಾಯಿತು. ಇಂಜಿನಿಯರ್ ಆಗುವ ಆಸೆ ಆ ಮಕ್ಕಳಲ್ಲಿ ಅನೇಕರಿಗೆ ನಾವು ಬರುವ ಮೊದಲೇ ಇತ್ತು. ಅವರ ಬಳಿ ಇಲ್ಲದ್ದು ನಿಲ್ದಾಣಗಳ ಪಟ್ಟಿ.

ಆ ಪಟ್ಟಿ ನೋಡಲು ಸಪ್ಪೆಯಾಗಿರುತ್ತದೆ, ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಇಂಜಿನಿಯರಿಂಗಿಗೆ ಪಿಯುಸಿ ಒಂದೇ ದಾರಿಯಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು ಸೀಟುಗಳಿವೆ. ಅದಕ್ಕೆ ಮುಖ್ಯಶಿಕ್ಷಕರು ಬರೆದುಕೊಟ್ಟ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುರುಜು ಬೇಕು. ಸಂವಿಧಾನದ 371(ಜೆ) ಕಲಮಿನಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯಮಟ್ಟದ ಕಾಲೇಜುಗಳಲ್ಲಿ ಶೇ. 8 ಸೀಟುಗಳು ಈ ಭಾಗದ ಮಕ್ಕಳಿಗಿವೆ. ಅದಕ್ಕೆ ಉಪವಿಭಾಗಾಧಿಕಾರಿ ಕಚೇರಿಯಿಂದ ಅರ್ಹತಾ ಪತ್ರ ತರಬೇಕು. ಸುರಪುರದಲ್ಲೇ ಒಂದು ಇಂಜಿನಿಯರಿಂಗ್ ಕಾಲೇಜಿದೆ, ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ರಾಕೆಟ್ಟಿನ ಚಿತ್ರ ಮಕ್ಕಳ ಕಣ್ಣರಳಿಸುತ್ತದೆ ನಿಜ. ಸೀಟು ಕೈಗೆ ಬರುವುದು ಅಥವಾ ತಪ್ಪುವುದು ಬಹಳ ಸಲ ಈ ಕಾಗದಗಳಲ್ಲಿ.

ನಕ್ಷೆಯಲ್ಲಿ ಇನ್ನೂ ಒಂದನ್ನು ಗುರುತು ಮಾಡಬೇಕು: ದಾರಿಯ ಖರ್ಚನ್ನು ಯಾರು ಕೊಟ್ಟರು ಎಂಬುದನ್ನು. ಮಕ್ಕಳಿಗೆ ಕನಸು ಕಾಣಿ ಎಂದು ಹೇಳುವಾಗ ನಾವೆಲ್ಲ ನೆನೆಯುವುದು ಅಬ್ದುಲ್ ಕಲಾಂ ಅವರನ್ನು. ಕಲಾಂ ತಮ್ಮ ಆತ್ಮಕಥೆಯಲ್ಲಿ ಒಂದು ಮಾತನ್ನು ಮುಚ್ಚಿಡದೆ ಬರೆದಿದ್ದಾರೆ. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸೀಟು ಸಿಕ್ಕಾಗ ಸೇರಲು ಬೇಕಾದ ದುಡ್ಡು ಅವರ ತಂದೆಯ ಬಳಿ ಇರಲಿಲ್ಲ. ಅಕ್ಕ ಜೋಹ್ರಾ ತಮ್ಮ ಚಿನ್ನದ ಬಳೆ, ಸರ ಅಡವಿಟ್ಟು ಹಣ ಹೊಂದಿಸಿದರು. ಕನಸು ತಮ್ಮನದು, ಅದು ದಾಟಿದ್ದು ಅಕ್ಕನ ಬಳೆಗಳ ಮೇಲೆ. ನಾವು ಕಲಾಂ ಅವರ ಕನಸಿನ ಮಾತನ್ನು ಗೋಡೆಗೆ ಬರೆಸುತ್ತೇವೆ, ಬಳೆಗಳ ಮಾತನ್ನು ಮರೆಯುತ್ತೇವೆ.

ನನ್ನ ಕಥೆಯಲ್ಲೂ ಒಬ್ಬ ಅಕ್ಕ ಇದ್ದಾಳೆ. ಅವಳು ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು. ಮನೆಯಲ್ಲಿ ಒಬ್ಬರನ್ನಷ್ಟೇ ಮುಂದೆ ಓದಿಸಲು ಆಗುತ್ತಿತ್ತು, ಆ ಒಬ್ಬ ನಾನಾದೆ. ಅವಳು ಪಿಯುಸಿಗೆ ನಿಂತಳು. ಇದನ್ನು ಶಹಾಪುರ ತಾಲೂಕಿನ ಒಂದು ಶಾಲೆಯಲ್ಲಿ, ನನ್ನ ಓದಿನ ಬಗ್ಗೆ ಹೇಳುವಾಗ, ಇದ್ದದ್ದು ಇದ್ದಹಾಗೆ ಹೇಳಿದೆ. ಗಂಡುಮಕ್ಕಳ ಕಡೆ ಏನೂ ಆಗಲಿಲ್ಲ. ಹೆಣ್ಣುಮಕ್ಕಳ ಸಾಲುಗಳು ಮೌನವಾದವು. ಹತ್ತಿ ಬಿಡಿಸುವ ಕಾಲದಲ್ಲಿ ಆ ಸಾಲುಗಳು ಅರ್ಧ ಖಾಲಿಯಾಗುತ್ತವೆ ಎಂದು ಅಲ್ಲಿಯ ಶಿಕ್ಷಕರು ಆಗಲೇ ಹೇಳಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಕೇಳಿದಳು: ‘ಈಗ ಅಕ್ಕಾರು ಏನ್ ಮಾಡ್ತಾರ್ರಿ ಸರ್?’ ಊರಲ್ಲೇ ಇದ್ದಾಳೆ, ಮಗಳಿಗೆ ಗಣಿತ ಹೇಳಿಕೊಡುತ್ತಾಳೆ ಎಂದೆ. ‘ನಿಮಗೂ ಹೇಳಿಕೊಟ್ಟಿದ್ರೇನ್ರಿ?’ ಹೌದು, ಹತ್ತನೇ ತರಗತಿಯವರೆಗೆ ನನಗೆ ಗಣಿತ ಹೇಳಿಕೊಟ್ಟವಳು ಅವಳೇ ಎಂದೆ. ಆ ಹುಡುಗಿ ತಲೆಯಾಡಿಸಿ ಕೂತಳು. ಅವಳು ಅದನ್ನು ಹೇಗೆ ತೆಗೆದುಕೊಂಡಳೋ. ನಿಜವಾದ ಕಥೆ ಯಾವಾಗಲೂ ಹುರಿದುಂಬಿಸುವುದಿಲ್ಲ, ಕೆಲವೊಮ್ಮೆ ಭಾರ ಮಾಡುತ್ತದೆ. ಆದರೂ ಆ ಮಕ್ಕಳಿಗೆ ಸಿಕ್ಕ ಭಾರ ಸುಳ್ಳಿನದಲ್ಲ. ಮುಂದೆ ಮನೆಯಲ್ಲಿ ‘ಒಬ್ಬರನ್ನಷ್ಟೇ’ ಎಂಬ ಮಾತು ಎದ್ದಾಗ, ಇಂಥ ಮಾತು ತನ್ನ ಮನೆಯಲ್ಲಿ ಮಾತ್ರ ಎದ್ದದ್ದಲ್ಲ ಎಂಬುದಾದರೂ ಅವಳಿಗೆ ಗೊತ್ತಿರುತ್ತದೆ.

ಶಹಾಪುರದಿಂದ ಸುರಪುರಕ್ಕೆ ಹೋದರೆ ಇದೇ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಹೊರಗಿನಿಂದ ಬಂದು ಒಳ್ಳೆಯದು ಮಾಡುವವರು ಸುರಪುರಕ್ಕೆ ಹೊಸಬರಲ್ಲ. 1841ರಲ್ಲಿ ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್ ಎಂಬ ಅಧಿಕಾರಿ ಇಲ್ಲಿಗೆ ಬಂದ. ರಾಜ ವೆಂಕಟಪ್ಪ ನಾಯಕ ಆಗಿನ್ನೂ ಬಾಲಕ. ಟೇಲರ್ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ರಸ್ತೆ ಮಾಡಿಸಿದ, ಕೆರೆಗಳ ಕೆಲಸ ಮಾಡಿಸಿದ, ಭೂಮಾಪನವನ್ನು ತಾನೇ ಕಲಿತು ಮಾಡಿದ. ಅವನಿದ್ದ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲಿದೆ. ಬಾಲಕ ರಾಜ ತನ್ನನ್ನು ‘ಅಪ್ಪ’ ಎಂದು ಕರೆಯುತ್ತಿದ್ದ ಎಂದು ಟೇಲರ್ ಪ್ರೀತಿಯಿಂದ ಬರೆದುಕೊಂಡಿದ್ದಾನೆ. ಆ ಬಾಲಕ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ, ಬಾಳು ತುಂಬುವ ಮೊದಲೇ ತೀರಿಕೊಂಡ. ಟೇಲರನ ಪ್ರೀತಿ ಸುಳ್ಳಾಗಿರಲಿಲ್ಲ. ಆದರೆ ಪ್ರೀತಿ ನಿಜವಾಗಿದ್ದ ಮಾತ್ರಕ್ಕೆ ಕೊಡುವವನೂ ಪಡೆಯುವವನೂ ಸಮಾನರಾಗುವುದಿಲ್ಲ. ಯಾರ ಕೈಯಲ್ಲಿ ಅಧಿಕಾರವಿದೆ, ಯಾರ ಬದುಕು ಪಣಕ್ಕಿದೆ ಎಂಬುದು ಬದಲಾಗುವುದಿಲ್ಲ. ನಮ್ಮ ಒಂದು ದಿನದ ಭೇಟಿಯನ್ನು ಅಷ್ಟು ದೊಡ್ಡ ಕಥೆಯ ಪಕ್ಕ ಇಡುವುದು ಅತಿಯಾದೀತು. ಆದರೂ ಒಂದು ಹೋಲಿಕೆ ಇದೆ. ನಾವು ಒಳ್ಳೆಯದೆಂದು ತೋರಿಸುವ ದಾರಿ ನಮ್ಮಂತೆ ಆಗುವ ದಾರಿ. ಅದು ಆ ಊರಿನಿಂದ ಹೊರಗೆ ಹೋಗುವ ದಾರಿ.

ವಿಜ್ಞಾನ ಎಂದರೆ ಊರು ಬಿಡುವುದು ಎಂದೇ ಯಾಕೆ ಆಗಬೇಕು? ಹುಣಸಗಿ ಈಗ ಬೇರೆ ತಾಲೂಕು, ಮೊದಲು ಸುರಪುರಕ್ಕೆ ಸೇರಿತ್ತು. ಅಲ್ಲಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ ಉತ್ಖನನ ಮಾಡಿ, ಆದಿಮಾನವರು ಕಲ್ಲಿನ ಉಪಕರಣ ಮಾಡುತ್ತಿದ್ದ ಜಾಗವನ್ನೇ ಕಂಡರು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಮೇಲಿನ ಪರೀಕ್ಷೆ ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಒಯ್ಯುತ್ತದೆ. ನಮ್ಮಂಥ ಮನುಷ್ಯರು ಆಗಿನ್ನೂ ಹುಟ್ಟಿರಲಿಲ್ಲ. ಅಲ್ಲಿದ್ದವರು ಸುಣ್ಣಕಲ್ಲಿನ ಹಾಸುಗಳನ್ನು ಆರಿಸಿ, ಬೇರೆ ಕಡೆಯಿಂದ ತಂದ ಗಟ್ಟಿ ಕಲ್ಲಿನಿಂದ ಹೊಡೆದು, ಕೈಗೊಡಲಿಯ ಆಕಾರಕ್ಕೆ ತಂದಿದ್ದರು. ಯಾವ ಕಲ್ಲು ಬೇಕು, ಎಲ್ಲಿ ಹೊಡೆದರೆ ಹೇಗೆ ಸೀಳುತ್ತದೆ ಎಂದು ಮೊದಲೇ ಯೋಚಿಸಿ ಮಾಡಿದ ಕೆಲಸ ಅದು. ಇಂಜಿನಿಯರಿಂಗ್ ಎಂಬ ಪದಕ್ಕೆ ಇದಕ್ಕಿಂತ ಹಳೆಯ ಅರ್ಥ ಹುಡುಕುವುದು ಕಷ್ಟ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲು ಹಿಡಿದು ಇಟ್ಟ ದೊಡ್ಡ ಬಂಡೆಗಳಿವೆ. ಬೃಹತ್ ಶಿಲಾಯುಗದ ಜನ ಅವನ್ನು ಅಷ್ಟು ಅಚ್ಚುಕಟ್ಟಾಗಿ ಯಾಕೆ ಜೋಡಿಸಿದರು ಎಂದು ಯೋಚಿಸುತ್ತ ಇಡೀ ವಿಜ್ಞಾನದ ತರಗತಿ ಕಳೆಯಬಹುದು. ಈ ಮಕ್ಕಳಿಗೆ ರಾಕೆಟ್ಟಿನ ಚಿತ್ರ ನಾವೇ ಹೊತ್ತು ತರಬೇಕಿಲ್ಲ, ಅವರ ಕಾಲ ಕೆಳಗೇ ಬೇಕಾದಷ್ಟಿದೆ.

ಇಂದಿನದ್ದೂ ಇದೆ. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟಿನ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ತರುತ್ತದೆ. ಅದರ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ ಬಂದಿದೆ. ನಮ್ಮ ಪ್ರಯೋಗಗಳೆಲ್ಲ ಮುಗಿದ ಮೇಲೆ ಸುರಪುರ ಕಡೆಯ ಶಾಲೆಯಲ್ಲಿ ಹುಡುಗನೊಬ್ಬ ಕೇಳಿದ: ‘ಸರ್, ಕಾಲುವಿ ಕೊನೀಗಿರೋ ನಮ್ಮ ಹೊಲಕ್ಕ ನೀರು ಯಾಕ ಬರಲ್ರಿ?’ ಇದಕ್ಕಿಂತ ಒಳ್ಳೆಯ ಇಂಜಿನಿಯರಿಂಗ್ ಪ್ರಶ್ನೆಯನ್ನು ನಾನು ಕಚೇರಿಯಲ್ಲೂ ಕೇಳಿಲ್ಲ. ಬೋರ್ಡಿನ ಮೇಲೆ ಕಾಲುವೆ ಬರೆದೆವು. ಇಳಿಜಾರು ಎಷ್ಟಿರಬೇಕು, ದಾರಿಯಲ್ಲಿ ಎಷ್ಟು ನೀರು ಇಂಗುತ್ತದೆ, ಹೂಳು ತುಂಬಿದರೆ ಏನಾಗುತ್ತದೆ ಎಂದು ಮಾತಾಡಿದೆವು. ಅಲ್ಲಿಗೂ ಉತ್ತರ ಮುಗಿಯಲಿಲ್ಲ. ಈ ಯೋಜನೆಯಲ್ಲಿ ಕಡಿಮೆ ನೀರಿನ ಬೆಳೆಗಳನ್ನು ಬೆಳೆಯಬೇಕೆಂಬ ನಿಯಮವಿದೆ, ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುತ್ತಾರೆ. ‘ಹಂಗಾರ ಗೇಟಿಗೆ ಗೊತ್ತಾದ್ರ ಸಾಲಲ್ರಿ, ಮ್ಯಾಲಿನವರಿಗೂ ಗೊತ್ತಾಗಬೇಕು’ ಎಂದು ಇನ್ನೊಬ್ಬಳು ಹೇಳಿದಳು. ತಂತ್ರಜ್ಞಾನ ಎಲ್ಲಿ ಮುಗಿಯುತ್ತದೆ, ನ್ಯಾಯದ ಪ್ರಶ್ನೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಆ ಹುಡುಗಿ ಒಂದೇ ಮಾತಿನಲ್ಲಿ ತೋರಿಸಿದ್ದಳು. ಇಂಥ ಪ್ರಶ್ನೆಗಳಿಂದ ಹುಟ್ಟುವ ಆಸೆ ಯಾರನ್ನೋ ನೋಡಿ ಹುಟ್ಟಿದ್ದಲ್ಲ, ಸ್ವಂತ ಹೊಲದಲ್ಲಿ ಹುಟ್ಟಿದ್ದು. ಅದು ಬೆಂಗಳೂರಿಗೂ ಹೋಗಬಹುದು, ಹೋಗಿ ತಿರುಗಿ ಬರಬಹುದು, ಅಲ್ಲೇ ಉಳಿಯಬಹುದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ಬಾಕಿ ಉಳಿಯುತ್ತದೆ. ಅದನ್ನು ನನಗೆ ಹೇಳಿದವರು ಶಹಾಪುರ ತಾಲೂಕಿನ ಆ ಶಾಲೆಯ ವಿಜ್ಞಾನ ಶಿಕ್ಷಕರು. ಚಹಾ ಕುಡಿಯುವಾಗ ನಗುತ್ತಲೇ ಅಂದರು: ‘ನೀವು ಬೆಂಕಿ ಹಚ್ಚಿ ಹೋಗ್ತೀರಿ ಸರ್, ಛಲೋ ಕೆಲಸನೇ. ನಾಳಿಂದ ಅದಕ್ಕ ಕಟಗಿ ಹಾಕಾವ್ರು ನಾವು. ಕಟಗಿ ಎಲ್ಲಿ ಅದಾವ ಅಂತ ಹೇಳಿ ಹೋಗ್ರಿ.’ ವಿಜ್ಞಾನ, ಗಣಿತ ಎರಡನ್ನೂ ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ಬಿಸಿಯೂಟದ ಲೆಕ್ಕವೂ ಅವರದೇ.

ಆ ಮಾತು ಕೇಳಿದಾಗ ನನಗೆ ಮೈಕೆಲ್ ಫ್ಯಾರಡೆಯ ಕಥೆ ನೆನಪಾಯಿತು. ಲಂಡನ್ನಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದ ಬಡ ಹುಡುಗ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಟಿಕೆಟು ಕೊಟ್ಟದ್ದರಿಂದ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದ. ಕೇಳಿದ್ದನ್ನೆಲ್ಲ ಬರೆದು, ತಾನೇ ಬೈಂಡ್ ಮಾಡಿ, ಡೇವಿಗೆ ಕಳಿಸಿದ. ಈ ಕಥೆಯನ್ನು ನಾವು ಒಂದು ಉಪನ್ಯಾಸ ಒಬ್ಬ ಹುಡುಗನನ್ನು ವಿಜ್ಞಾನಿ ಮಾಡಿತು ಎಂದು ಹೇಳುತ್ತೇವೆ. ಉಪನ್ಯಾಸ ಕೇಳಿದ್ದರಿಂದ ಅವನಲ್ಲಿ ಆಸೆ ಗಟ್ಟಿಯಾಯಿತು, ಅಷ್ಟೇ. ಡೇವಿ ಆ ಹುಡುಗನನ್ನು ಕರೆದು ಮಾತಾಡಿದ, ಬೈಂಡಿಂಗ್ ಕೆಲಸ ಬಿಡಬೇಡ ಎಂದು ಮೊದಲು ಎಚ್ಚರಿಸಿದ, ಜಾಗ ಖಾಲಿಯಾದಾಗ 1813ರಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಕೊಡಿಸಿದ. ಅಲ್ಲಿಂದ ಮುಂದೆ ಫ್ಯಾರಡೆ ಫ್ಯಾರಡೆಯಾದ. ಉಪನ್ಯಾಸ ಮಾಡಿ ಮನೆಗೆ ಹೋಗಿದ್ದರೆ ಡೇವಿಯ ಪಾಲು ಅರ್ಧಕ್ಕೇ ನಿಲ್ಲುತ್ತಿತ್ತು. ನಾವೆಲ್ಲರೂ ಡೇವಿಯಂತೆ ಕೆಲಸ ಕೊಡಿಸಲಾರೆವು. ಆದರೆ ಬಂದ ಕಾಗದಕ್ಕೆ ಉತ್ತರ ಬರೆಯಬಹುದು.

ಆಸೆ ಹುಟ್ಟಿಸುವವನು ದಾನ ಮಾಡುತ್ತಿಲ್ಲ, ಸಾಲ ಮಾಡಿಕೊಳ್ಳುತ್ತಿದ್ದಾನೆ ಎಂದು ನಾನು ಹೇಳುವುದು ಇದಕ್ಕೇ. ಆ ಮಗು ಇಂಜಿನಿಯರ್ ಆಗಿಯೇ ತೀರಬೇಕು ಎಂಬ ಹೊಣೆ ನಮ್ಮದಲ್ಲ, ಅಂಥ ಭರವಸೆ ಕೊಡುವ ಹಕ್ಕು ಯಾರಿಗೂ ಇಲ್ಲ. ನಮ್ಮ ಹೊಣೆ ಚಿಕ್ಕದು, ಗಟ್ಟಿಯಾದದ್ದು: ನಮ್ಮ ಕಥೆಯನ್ನು ಪೂರ್ತಿ ಹೇಳುವುದು, ನಡುವಿನ ನಿಲ್ದಾಣಗಳನ್ನು ತೋರಿಸುವುದು, ಮತ್ತೆ ಹೋಗುವುದು, ಕರೆ ಬಂದರೆ ಎತ್ತುವುದು, ದಿನಾ ಕಟಗಿ ಹಾಕುವವರ ಕೆಲಸವನ್ನು ಹಗುರ ಮಾಡುವುದು. ಈಗ ನಾವು ವರ್ಷಕ್ಕೆ ಹತ್ತು ಶಾಲೆ ಎಂಬ ಲೆಕ್ಕ ಬಿಟ್ಟು ಮೂರು ತಾಲೂಕಿಗೆ ಒಂದೊಂದು ಶಾಲೆ ಹಿಡಿದಿದ್ದೇವೆ. ಕಂಪನಿಯ ವರದಿಯಲ್ಲಿ ಅಂಕಿ ಸಣ್ಣದಾಗಿದೆ. ಜೂನ್ ಜುಲೈನಲ್ಲಿ ಪ್ರವೇಶದ ಗಡಿಬಿಡಿಯ ಹೊತ್ತಿಗೆ ಶಿಕ್ಷಕರ ಫೋನಿನಿಂದ ಕರೆಗಳು ಬರುತ್ತವೆ. ಯಾವ ಪ್ರಮಾಣಪತ್ರ, ಯಾವ ಕೊನೆಯ ದಿನಾಂಕ, ಹಾಸ್ಟೆಲ್ ಅರ್ಜಿ ಎಲ್ಲಿ ಎಂದು ಕೇಳುತ್ತಾರೆ. ಸ್ಫೂರ್ತಿಯ ಮಾತು ಅದರಲ್ಲಿ ಒಂದೂ ಇರುವುದಿಲ್ಲ.

ಕಳೆದ ವರ್ಷ ಸುರಪುರ ಕಡೆಯ ಹುಡುಗನೊಬ್ಬ ಕರೆ ಮಾಡಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ, ಅಂಕಗಳೂ ಚೆನ್ನಾಗಿದ್ದವು. ಪಿಯುಸಿ ಸೈನ್ಸ್ ಸೇರುವುದಿಲ್ಲ, ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿಯುತ್ತೇನೆ ಎಂದ. ಎರಡು ವರ್ಷಕ್ಕೆ ಕೈಗೆ ಕೆಲಸ ಸಿಗುತ್ತದೆ, ಮನೆಯಲ್ಲಿ ತಂಗಿ ಓದುತ್ತಿದ್ದಾಳೆ, ಅವಳನ್ನು ನಿಲ್ಲಿಸುವ ಹಾಗಿಲ್ಲ ಎಂದ. ಐಟಿಐ ಆದ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ ಎಂದು ಅವನಿಗೆ ಆಗಲೇ ಗೊತ್ತಿತ್ತು, ಅದನ್ನೂ ಲೆಕ್ಕ ಹಾಕಿಟ್ಟಿದ್ದ. ಎಲ್ಲ ಹೇಳಿ, ಸ್ವಲ್ಪ ತಡೆದು, ಕೇಳಿದ: ‘ನೀವು ಇಷ್ಟ್ ಸಲ ಬಂದು ಹೇಳೀರಿ. ನಿಮಗ ಬೇಜಾರಾಗಲ್ಲೇನ್ರಿ ಸರ್?’

ಸಾಲ ಮಾಡಿಕೊಂಡವನು ನಾನು, ಅದನ್ನು ತೀರಿಸಬೇಕಾದವನು ತಾನು ಎಂದು ಅವನು ತಿಳಿದಿದ್ದ. ‘ಇಲ್ಲ ತಮ್ಮಾ,’ ಎಂದೆ, ‘ನೀನು ಲೆಕ್ಕ ಸರಿಯಾಗಿ ಹಾಕಿದ್ದೀಯ. ತಂಗಿ ಎಷ್ಟನೇ ಕ್ಲಾಸು?’ ಎಂಟನೇ ಕ್ಲಾಸು ಎಂದ. ಹಾಗಾದರೆ ಎನ್‌ಎಂಎಂಎಸ್ ಅರ್ಜಿ ಈ ವರ್ಷವೇ ಹಾಕಬೇಕು ಎಂದೆ. ‘ಬರಕೋತೀನಿ ತಡೀರಿ’ ಎಂದು ಅವನು ಪೆನ್ನು ಹುಡುಕುವ ಸದ್ದು ಕೇಳಿಸಿತು.